ಉಟ್ಟ ಬಟ್ಟೆ ಹೇಳುವ ಕಥೆ

ಹಳೆಯ ಉರ್ದು ಕಾವ್ಯದಲ್ಲಿ ಬಟ್ಟೆಬರೆಗೆ ಬರವಿಲ್ಲ. ಮೀರ್ ಹಸನ್ 1785ರ ಸುಮಾರಿಗೆ ಬರೆದ 'ಸೆಹ್ರುಲ್ ಬಯಾನ್' ಮಸ್ನವಿಯಲ್ಲಿ ರಾಜಕುಮಾರಿ ಬದ್ರೆ ಮುನೀರಳ ಉಡುಗೆ ತೊಡುಗೆಗಳ ವರ್ಣನೆ ವಿವರವಾಗಿ ಬರುತ್ತದೆ. ಅಲ್ಲಿ ಉಡುಪಿನ ಮುಖ್ಯ ಕೆಲಸ ಚೆಲುವನ್ನೂ ಅಂತಸ್ತನ್ನೂ ಸಾರುವುದು.

ಆಧುನಿಕ ಸಣ್ಣಕಥೆ ಈ ಲೆಕ್ಕವನ್ನು ಬದಲಿಸಿತು. ಉಟ್ಟದ್ದಕ್ಕಿಂತ ಉಡಲು ಇಲ್ಲದ್ದು ಮುಖ್ಯವಾಯಿತು. ರಷ್ಯಾದ ಗೊಗೋಲ್ 1842ರಲ್ಲೇ 'ಓವರ್‌ಕೋಟ್' ಕಥೆಯಲ್ಲಿ ಈ ದಾರಿ ತೋರಿದ್ದ. ಅವನ ಬಡ ಗುಮಾಸ್ತ ಸಂಜೆಯ ಚಹಾ ಬಿಟ್ಟು, ಮೇಣದ ಬತ್ತಿ ಉಳಿಸಿ ಕೋಟು ಹೊಲಿಸುತ್ತಾನೆ. ತೊಟ್ಟ ದಿನವೇ ರಾತ್ರಿ ಕಳ್ಳರು ಅದನ್ನು ಕಸಿಯುತ್ತಾರೆ.

ಉರ್ದುವಿನಲ್ಲಿ ಮಂಟೋ 'ಕಾಲಿ ಶಲ್ವಾರ್' ಬರೆದರು. ಮೈಮಾರಿ ಬದುಕುವ ಸುಲ್ತಾನಾ ಮೊಹರ್ರಮ್‌ಗೆಂದು ಕಮೀಜು, ದುಪಟ್ಟಾಗಳಿಗೆ ಕಪ್ಪು ಬಣ್ಣ ಹಾಕಿಸಿದ್ದಾಳೆ, ಶಲ್ವಾರ್ ಇಲ್ಲ. ಶಂಕರ ಒಂದನ್ನು ತಂದುಕೊಡುತ್ತಾನೆ. ಅದು ಗೆಳತಿ ಮುಖ್ತಾರಳದು. ಮುಖ್ತಾರಳ ಕಿವಿಯಲ್ಲಿ ಸುಲ್ತಾನಾಳ ಓಲೆ! ಇಬ್ಬರೂ ಒಂದೊಂದು ಸುಳ್ಳು ಹೇಳಿ ಸುಮ್ಮನಾಗುತ್ತಾರೆ. ಅಶ್ಲೀಲವೆಂದು ಬ್ರಿಟಿಷರ ಕಾಲದಲ್ಲಿ ಮೊಕದ್ದಮೆ ಎದುರಿಸಿದ ಕಥೆಯಿದು. ನಮ್ಮ ಕಣ್ಣಿಗೆ ಅದರಲ್ಲಿ ಕಾಣುವುದು ಶೋಕದ ದಿನಕ್ಕೆ ತಕ್ಕ ಉಡುಪಿಗಾಗಿ ಚಡಪಡಿಸುವ ಒಬ್ಬ ಹೆಣ್ಣು.

ಇಸ್ಮತ್ ಚುಗ್ತಾಯಿಯವರ 'ಚೌಥಿ ಕಾ ಜೋಡಾ'ದ ತಾಯಿ ಸಾಲದ ಬಟ್ಟೆಯನ್ನೂ ಸಾಲುವಂತೆ ಕತ್ತರಿಸಬಲ್ಲ ಜಾಣೆ. ಮಗಳು ಕುಬ್ರಾಳ ಮದುವೆಯ ಜೋಡಿಗಾಗಿ ಕಾದ ಆ ಕೈಗಳು ಕೊನೆಗೆ ಕತ್ತರಿಸುವುದು ಅವಳ ಕಫನ್ನು. 

ಗುಲಾಮ್ ಅಬ್ಬಾಸರೂ (1909-1982) 'ಓವರ್‌ಕೋಟ್' ಎಂಬ ಹೆಸರಿನ ಕಥೆ ಬರೆದರು. ಜನವರಿಯ ಒಂದು ಸಂಜೆ ಲಾಹೋರಿನ ಮಾಲ್ ರಸ್ತೆಯಲ್ಲಿ ಕೋಟು, ಮಫ್ಲರು, ಹ್ಯಾಟು ಧರಿಸಿದ ಯುವಕನೊಬ್ಬ ಶೋಕಿಯಿಂದ ಅಡ್ಡಾಡುತ್ತಾನೆ. ಲಾರಿ ಬಡಿಯುತ್ತದೆ. ಆಸ್ಪತ್ರೆಯಲ್ಲಿ ನರ್ಸುಗಳು ಬಟ್ಟೆ ಬಿಚ್ಚಿದರೆ ಒಳಗೆ ಅಂಗಿಯೇ ಇಲ್ಲ! ತೂತು ಬಿದ್ದ ಸ್ವೆಟರು, ಕೊಳಕು ಬನಿಯನ್ನು, ಜೋಡಿಯಲ್ಲದ ಹರಿದ ಕಾಲುಚೀಲಗಳು. ಅವನ ಹೆಸರನ್ನು ಕಥೆಗಾರ ಹೇಳುವುದಿಲ್ಲ. ಹೇಳದಿದ್ದರೂ ನಾವು ಅವನನ್ನು ಬಲ್ಲೆವು.

ಈ ಕಥೆಗಾರರು ಬಟ್ಟೆಯನ್ನು ಮನುಷ್ಯನ ಗುರುತಿನ ಚೀಟಿ ಮಾಡಲಿಲ್ಲ. ಅವನ ಆಸೆ, ನಾಚಿಕೆ, ಮರೆಮಾಚಿದ ಬಡತನಗಳನ್ನು ಅದರಲ್ಲಿ ಕಂಡರು. ನಾವೋ, ಟೋಪಿ ಇಟ್ಟು ಒಬ್ಬನನ್ನು ಮುಸ್ಲಿಮನನ್ನಾಗಿ, ಜುಟ್ಟು ಬಿಡಿಸಿ ಇನ್ನೊಬ್ಬನನ್ನು ಬ್ರಾಹ್ಮಣನನ್ನಾಗಿ ಮಾಡಿ ಪಾತ್ರ ಸಿದ್ಧವಾಯಿತೆಂದು ಕೈತೊಳೆದುಕೊಳ್ಳುವ ಕಥೆ, ಸಿನಿಮಾಗಳನ್ನು ಎಷ್ಟೋ ಕಂಡಿದ್ದೇವೆ. ಹಾಗೆ ಬರೆದಾಗ ಹಣೆಪಟ್ಟಿ ಉಳಿಯುತ್ತದೆ, ಮನುಷ್ಯ ಮಾಯವಾಗುತ್ತಾನೆ. ಆ ಬುರ್ಖಾ ಕೊಂಡ ಹಣ ಎಲ್ಲಿಂದ ಬಂತು, ಆ ಪಂಚೆಯ ತೇಪೆ ಯಾರು ಹಾಕಿದ್ದು ಎಂದು ಕಥೆಗಾರ ಕೇಳಬೇಕು. ಬೀದಿಯಲ್ಲಿ ಎದುರಾಗುವವರ ಬಗ್ಗೆ ನಾವೂ ಆ ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು.