ಔಷಧಗಳು ಮತ್ತು ಪಾರ್ಕಿನ್ಸನ್ ಕಾಯಿಲೆಯ ಸಂಭವ

ಚಲನೆಯನ್ನು ನಿಯಂತ್ರಿಸುವ ಡೋಪಮಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ಮಿದುಳಿನ ಕೋಶಗಳು ಕ್ರಮೇಣ ನಶಿಸುವುದರಿಂದ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ; ಬೇರೆ ತೊಂದರೆಗಳಿಗೆಂದು ಸೇವಿಸಿದ ಔಷಧವು ಡೋಪಮಿನ್ನಿನ ಕೆಲಸಕ್ಕೆ ಅಡ್ಡಿಯಾಗಿ ಅದೇ ನಡುಕ, ಬಿಗಿತ, ನಿಧಾನಗತಿಗಳನ್ನು ತಂದರೆ ಅದನ್ನು ಔಷಧಜನ್ಯ ಪಾರ್ಕಿನ್ಸನಿಸಂ ಎನ್ನುತ್ತಾರೆ. ಇದರ ಹಳೆಯ ನಿದರ್ಶನ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧ. ಅದರ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರಿಸರ್ಪಿನ್ ರಕ್ತದೊತ್ತಡದ ಮದ್ದಾಗಿ ಹೆಸರಾಯಿತಾದರೂ ಡೋಪಮಿನ್ ಸಂಗ್ರಹವನ್ನು ಬರಿದುಮಾಡುತ್ತಿತ್ತು. ಅದರಿಂದ ನಿಶ್ಚಲವಾದ ಪ್ರಾಣಿಗಳು, ದೇಹದಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಕೊಟ್ಟಾಗ ಚೇತರಿಸಿಕೊಂಡದ್ದನ್ನು ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ 1957ರಲ್ಲಿ ತೋರಿಸಿದ್ದರಿಂದ, ಕೇಡು ತಂದ ಮದ್ದೇ ಚಿಕಿತ್ಸೆಗೆ ದಾರಿ ತೆರೆದಂತಾಯಿತು. ಬೇಲಿಯ ಮೇಲೆ ಹಬ್ಬಿ, ಮುಟ್ಟಿದವರಿಗೆ ತುರಿಕೆ ಹಚ್ಚುವ ನಸುಗುನ್ನಿಯ ಬೀಜದಲ್ಲೂ ಲೆವೊಡೋಪಾ ಇದೆ.

ಇಂದು ಈ ತೊಂದರೆ ತರುವ ಔಷಧಗಳಲ್ಲಿ ಮನೋರೋಗದ ಹಾಲೊಪೆರಿಡಾಲ್, ವಾಂತಿ ತಡೆಯುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿನ ಸಿನ್ನರಿಜಿನ್, ಅರೆತಲೆನೋವಿನ ಫ್ಲುನರಿಜಿನ್ ಮುಖ್ಯವಾದವು. ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಂಥ ತೆಂಗಿನ ಸೀಮೆಯಲ್ಲಿ ಕಾಯಿ ಸುಲಿಯುವ ಹಿರಿಯರೊಬ್ಬರ ಎರಡೂ ಕೈ ಒಟ್ಟಿಗೇ ನಿಧಾನವಾದರೆ, ಅವರನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸುವ ಮುನ್ನ ಅವರ ಮಾತ್ರೆಗಳ ಚೀಟಿಯನ್ನು ಓದಬೇಕಾದದ್ದು ಇದಕ್ಕೇ. ಮೂಲ ಪಾರ್ಕಿನ್ಸನ್ ಕಾಯಿಲೆಯಾದರೋ ಸಾಮಾನ್ಯವಾಗಿ ಒಂದೇ ಪಕ್ಕದಿಂದ ಆರಂಭವಾಗುತ್ತದೆ. ವೈದ್ಯರ ಸಲಹೆಯಂತೆ ಔಷಧ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಲಕ್ಷಣಗಳು ಕೆಲವು ತಿಂಗಳಲ್ಲಿ ಇಳಿಯುತ್ತವೆ. ಇಳಿಯದವರಲ್ಲಿ ಮೂಲ ಕಾಯಿಲೆಯೇ ಒಳಗೆ ಅಡಗಿದ್ದಿರಬಹುದು.

ಔಷಧವು ಕಾಯಿಲೆಯ ಸಂಭವವನ್ನೇ ಬದಲಿಸುವುದೇ ಎಂಬುದು ಬೇರೆ ಪ್ರಶ್ನೆ. ಉಬ್ಬಸದ ಸಾಲ್ಬುಟಮಾಲ್ ಬಳಸಿದವರಲ್ಲಿ ಕಾಯಿಲೆ ಕಡಿಮೆ, ರಕ್ತದೊತ್ತಡದ ಪ್ರೊಪ್ರನೊಲಾಲ್ ಬಳಸಿದವರಲ್ಲಿ ಹೆಚ್ಚು ಎಂದು ನಾರ್ವೆಯ ದಾಖಲೆಗಳನ್ನು ಆಧರಿಸಿದ 2017ರ ಅಧ್ಯಯನ ಹೇಳಿತು. ಆದರೆ ಪ್ರೊಪ್ರನೊಲಾಲನ್ನು ನಡುಕಕ್ಕೂ ಕೊಡುವುದರಿಂದ, ಕಾಯಿಲೆಯ ಮೊದಲ ನಡುಕಕ್ಕೆ ಕೊಟ್ಟ ಮಾತ್ರೆಯೇ ಕಾರಣವೆಂದು ಕಾಣಿಸಿರುವ ಸಾಧ್ಯತೆ ಇಲ್ಲಿ ಬಲವಾಗಿದೆ.