ಯಾರೂ ವಾಸಿಸದ ಅರಮನೆಗಳು: ಗೊಂಬೆಮನೆಗೆ ಕೈಹಾಕಿದ ಒಳಾಂಗಣ ವಿನ್ಯಾಸಕರು

ಶಿಕಾಗೋ ನಗರದ ದಕ್ಷಿಣ ಭಾಗದಲ್ಲಿ, ಮಿಶಿಗನ್ ಸರೋವರಕ್ಕೆ ಸಮೀಪದಲ್ಲಿರುವ ವಿಜ್ಞಾನ ಮತ್ತು ಉದ್ಯಮ ವಸ್ತುಸಂಗ್ರಹಾಲಯವನ್ನು ನಮ್ಮ ಕೂಟದ ಬಹುತೇಕ ಕುಟುಂಬಗಳು ಒಮ್ಮೆಯಾದರೂ ನೋಡಿಬಂದಿರುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಜಲಾಂತರ್ಗಾಮಿ, ಕಲ್ಲಿದ್ದಲ ಗಣಿ, ಮೊಟ್ಟೆಯೊಡೆದು ಹೊರಬರುವ ಕೋಳಿಮರಿಗಳು – ಇಷ್ಟನ್ನು ಮುಗಿಸುವಷ್ಟರಲ್ಲಿ ದೊಡ್ಡವರ ಕಾಲು ಸೋತು, ಮಕ್ಕಳ ಹೊಟ್ಟೆ ಹಸಿದಿರುತ್ತದೆ. ಹಾಗಾಗಿ ಅದೇ ಕಟ್ಟಡದಲ್ಲಿ ಗಾಜಿನ ಹಿಂದೆ ನಿಂತಿರುವ ‘ಫೇರಿ ಕ್ಯಾಸಲ್’, ಅಂದರೆ ಕಿನ್ನರಿಯರ ಕೋಟೆ, ಅನೇಕರ ಕಣ್ಣಿಗೆ ಬೀಳುವುದೇ ಇಲ್ಲ. ಬಿದ್ದರೂ ‘ಗೊಂಬೆಮನೆ ತಾನೆ’ ಎಂದು ಮುಂದೆ ಸಾಗಿಬಿಡುತ್ತಾರೆ. ಆದರೆ ಇದು ಮಕ್ಕಳಿಗಾಗಿ ಆಟಿಕೆ ಮಾಡುವವರು ಮಾಡಿದ ಮನೆಯಲ್ಲ. ಹಾಲಿವುಡ್‌ನ ತಾರೆಯರ ನಿಜವಾದ ಬಂಗಲೆಗಳನ್ನು ಸಜ್ಜುಗೊಳಿಸುತ್ತಿದ್ದ ವೃತ್ತಿಪರನೊಬ್ಬ ಅಷ್ಟೇ ಗಂಭೀರವಾಗಿ ಸಜ್ಜುಗೊಳಿಸಿದ ಮನೆ. ದೊಡ್ಡ ಮನೆಗಳನ್ನು ಕಟ್ಟಿ ಅಲಂಕರಿಸುವವರು ಚಿಕ್ಕ ಮನೆಗೆ ಏಕೆ ಕೈಹಾಕಿದರು, ಕೈಹಾಕಿದಾಗ ಏನಾಯಿತು ಎಂಬುದು ನಾವು ಇಲ್ಲಿ ಹೇಳಹೊರಟಿರುವ ಕಥೆ.

ಗೊಂಬೆಮನೆ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. ಬವೇರಿಯದ ದೊರೆ ಐದನೆಯ ಆಲ್ಬ್ರೆಕ್ಟ್ 1558ರ ವೇಳೆಗೆ ಮ್ಯೂನಿಕ್‌ನಲ್ಲಿ ಮಾಡಿಸಿದ್ದು ದಾಖಲೆಯಲ್ಲಿರುವ ಮೊದಲ ಗೊಂಬೆಮನೆ. ಅದು 1674ರ ಬೆಂಕಿಯಲ್ಲಿ ಸುಟ್ಟುಹೋಯಿತು. ಆಂಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿ ಇಂದಿಗೂ ಇರುವ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬ ಶ್ರೀಮಂತ ಗೃಹಿಣಿಯ ಗೊಂಬೆಮನೆಗೆ, ಆ ಊರಿನ ಕಾಲುವೆಯ ದಂಡೆಯಲ್ಲಿ ನಿಜವಾದ ಮನೆಯೊಂದನ್ನು ಕೊಳ್ಳುವಷ್ಟು ಹಣ ಸುರಿದಿತ್ತು. ಆ ಕಾಲದಲ್ಲಿ ಮನೆಯ ಒಳಾಂಗಣವನ್ನು ನಿರ್ಧರಿಸುವವಳು ಮನೆಯೊಡತಿಯೇ, ದೊಡ್ಡದಿರಲಿ ಚಿಕ್ಕದಿರಲಿ. ಒಳಾಂಗಣ ಅಲಂಕಾರವೆಂಬುದು ಶುಲ್ಕ ಪಡೆದು ಮಾಡುವ ವೃತ್ತಿಯಾಗಿ ಅಮೆರಿಕದಲ್ಲಿ ನೆಲೆಗೊಂಡದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ವೃತ್ತಿಪರರು ಗೊಂಬೆಮನೆಯತ್ತ ತಿರುಗಿದ್ದು ಅದರ ಬೆನ್ನಲ್ಲೇ.

ಅವರಲ್ಲಿ ಅತ್ಯಂತ ಪ್ರಸಿದ್ಧನಾದವನ ಹೆಸರು ನಮಗೆಲ್ಲ ಪರಿಚಿತ. ನವದೆಹಲಿಯ ವೈಸರಾಯ್ ಭವನವನ್ನು, ಅಂದರೆ ಇಂದಿನ ರಾಷ್ಟ್ರಪತಿ ಭವನವನ್ನು ರೂಪಿಸಿದ ಎಡ್ವಿನ್ ಲುಟಿಯನ್ಸ್, ಆ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿಯೇ, 1921ರಿಂದ 1924ರ ವರೆಗೆ, ಇಂಗ್ಲೆಂಡಿನ ರಾಣಿ ಮೇರಿಗೆಂದು ಗೊಂಬೆಮನೆಯೊಂದನ್ನು ಕಟ್ಟಿಸುತ್ತಿದ್ದ. ಸುಮಾರು 1500 ಕಲಾವಿದರು, ಕುಶಲಕರ್ಮಿಗಳು, ಲೇಖಕರು ಅದಕ್ಕಾಗಿ ದುಡಿದರು. ನಲ್ಲಿಗಳಲ್ಲಿ ನೀರು ಬರುತ್ತದೆ, ಲಿಫ್ಟ್ ಚಲಿಸುತ್ತದೆ, ನೆಲಮಾಳಿಗೆಯ ಪುಟ್ಟ ಸೀಸೆಗಳಲ್ಲಿ ನಿಜವಾದ ಮದ್ಯವಿದೆ. ಗರ್ಟ್ರೂಡ್ ಜೀಕಿಲ್ ರೂಪಿಸಿದ ತೋಟವೊಂದು ಮನೆಯ ಅಡಿಯ ಸೆಳೆಪೆಟ್ಟಿಗೆಯಲ್ಲಿ ಅಡಗಿದೆ. ಗ್ರಂಥಾಲಯಕ್ಕೆಂದೇ ಲೇಖಕರು ಕೈಬರಹದ ಪುಟ್ಟ ಪುಸ್ತಕಗಳನ್ನು ಬರೆದುಕೊಟ್ಟರು. ನಮ್ಮ ವೃತ್ತಿಯವನೇ ಆಗಿದ್ದ ಆರ್ಥರ್ ಕಾನನ್ ಡಾಯ್ಲ್ ಬರೆದುಕೊಟ್ಟದ್ದು ಡಾಕ್ಟರ್ ವಾಟ್ಸನ್ ತನ್ನ ಗೆಳೆಯ ಹೋಮ್ಸ್‌ನಂತೆ ಊಹಿಸಲು ಹೋಗಿ ಎಡವುವ ಒಂದು ಕಿರುಗತೆ; ವೈದ್ಯರನ್ನು ಹಾಸ್ಯಮಾಡುವ ಹಕ್ಕು ವೈದ್ಯನಿಗೆ ಇದ್ದೇ ಇದೆ.

ದೆಹಲಿಯಲ್ಲಿ ಲುಟಿಯನ್ಸ್ ತನ್ನ ಸಹೋದ್ಯೋಗಿ ಹರ್ಬರ್ಟ್ ಬೇಕರನೊಂದಿಗೆ ರಸ್ತೆಯ ಇಳಿಜಾರಿನ ವಿಷಯಕ್ಕೆ ಜಗಳವಾಡಿ ಸೋತಿದ್ದ. ರೈಸಿನಾ ಗುಡ್ಡವನ್ನು ಏರುತ್ತ ಹೋದಂತೆ ಅವನ ಭವನ ಕಣ್ಣಿಗೆ ಮರೆಯಾಗುತ್ತದೆ. ಆ ಕೊರಗು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಗೊಂಬೆಮನೆಯಲ್ಲಿ ಇಳಿಜಾರೂ ಇಲ್ಲ, ಬೇಕರನೂ ಇಲ್ಲ. ವೃತ್ತಿಪರನೊಬ್ಬನನ್ನು ಚಿಕ್ಕ ಮನೆ ಸೆಳೆಯುವುದಕ್ಕೆ ಇದೂ ಒಂದು ಕಾರಣವಿರಬೇಕೆಂಬುದು ನಮ್ಮ ಅನುಮಾನ. ವೆಂಬ್ಲಿಯಲ್ಲಿ ನಡೆದ ಬ್ರಿಟಿಷ್ ಸಾಮ್ರಾಜ್ಯ ಪ್ರದರ್ಶನದಲ್ಲಿ 16 ಲಕ್ಷಕ್ಕೂ ಹೆಚ್ಚು ಜನ ಇದನ್ನು ನೋಡಿದರು. ಈಗ ಅದು ವಿಂಡ್ಸರ್ ಕೋಟೆಯಲ್ಲಿದೆ.

ಇನ್ನು ನಮ್ಮ ಊರಿನ ಕೋಟೆಯ ವಿಷಯ. ಮೂಕಿಚಿತ್ರಗಳ ಕಾಲದ ಜನಪ್ರಿಯ ನಟಿ ಕಾಲೀನ್ ಮೂರ್, 1928ರಲ್ಲಿ, ತನ್ನ ಕನಸಿನ ಗೊಂಬೆಮನೆಯನ್ನು ಕಟ್ಟಿಸಲು ಆರಂಭಿಸಿದಳು. ಕೋಟೆಯ ಹೊರರೂಪವನ್ನು ಬರೆದವನು ಚಲನಚಿತ್ರಗಳ ಸೆಟ್ ವಿನ್ಯಾಸಕ ಹೊರೇಸ್ ಜ್ಯಾಕ್ಸನ್. ಒಳಾಂಗಣವನ್ನು ವಹಿಸಿಕೊಂಡವನು ಹ್ಯಾರಲ್ಡ್ ಗ್ರೀವ್ – ಮೂಕಿಚಿತ್ರಗಳ ಕಲಾನಿರ್ದೇಶಕ, ಆಸ್ಕರ್ ಪ್ರಶಸ್ತಿ ನೀಡುವ ಅಕಾಡೆಮಿಯ 36 ಸ್ಥಾಪಕ ಸದಸ್ಯರಲ್ಲಿ ಒಬ್ಬ, ಆಮೇಲೆ ಚಿತ್ರರಂಗ ಬಿಟ್ಟು ತಾರೆಯರ ಮನೆಗಳ ಒಳಾಂಗಣ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡವನು. ಮೂರ್ ವಾಸಿಸುತ್ತಿದ್ದ ಬಂಗಲೆಯನ್ನೂ ಅವನೇ ಸಜ್ಜುಗೊಳಿಸಿದ್ದ.

ಒಳಾಂಗಣ ವಿನ್ಯಾಸಕ ಮೊದಲು ಕೇಳುವ ಪ್ರಶ್ನೆ, ಈ ಮನೆಯಲ್ಲಿ ಯಾರು ಇರುತ್ತಾರೆ ಎಂಬುದು. ಬೆಳಿಗ್ಗೆ ಯಾರು ಮೊದಲು ಏಳುತ್ತಾರೆ, ಊಟಕ್ಕೆ ಎಷ್ಟು ಜನ, ಅತಿಥಿಗಳು ಎಲ್ಲಿ ಕೂರುತ್ತಾರೆ? ಗ್ರೀವ್‌ನ ಈ ಮನೆಯಲ್ಲಿ ಇರುವವರು ಕಣ್ಣಿಗೆ ಕಾಣದ ಕಿನ್ನರಿಯರು. ಅವನು ಕಂಡುಕೊಂಡ ದಾರಿ ಸೊಗಸಾದದ್ದು: ಮಕ್ಕಳು ಕೇಳಿ ಬೆಳೆದ ಕಥೆಗಳನ್ನೇ ಮನೆಯವರೆಂದು ಭಾವಿಸಿ ಕೋಣೆಕೋಣೆಯನ್ನೂ ಸಜ್ಜುಗೊಳಿಸಿದ. ಊಟದ ಮನೆಯಲ್ಲಿ ಆರ್ಥರ್ ರಾಜನ ದುಂಡುಮೇಜು ಇದೆ. ದೊಡ್ಡ ಸಭಾಂಗಣದಲ್ಲಿ ಸಿಂಡರೆಲ್ಲಾಳ ಗಾಜಿನ ಪಾದರಕ್ಷೆಗಳಿವೆ. ರಾಜಕುಮಾರನ ಮಲಗುವ ಕೋಣೆಯ ಹಿಮಕರಡಿಯ ಚರ್ಮಕ್ಕೆ ಹಲ್ಲುಗಳಾಗಿರುವುದು ಇಲಿಯ ಹಲ್ಲುಗಳು. ಬೈಠಕ್ಕಿನ ದೀಪಗುಚ್ಛದಲ್ಲಿ ತೂಗುವುದು ಮೂರ್‌ಳ ಸ್ವಂತ ಒಡವೆಗಳಿಂದ ತೆಗೆದ ವಜ್ರಗಳು. ಅಲ್ಯೂಮಿನಿಯಂನಿಂದ ಮಾಡಿದ ಈ ಕೋಟೆಯ ತೂಕ ಸುಮಾರು ಒಂದು ಟನ್. ಖರ್ಚಾದದ್ದು ಐದು ಲಕ್ಷ ಡಾಲರಿನ ಹತ್ತಿರ.

ಇದೆಲ್ಲವೂ ಅಡಿಗೆ ಒಂದು ಅಂಗುಲದ ಅಳತೆಯಲ್ಲಿ. ಲುಟಿಯನ್ಸ್ ಬಳಸಿದ್ದೂ ಇದೇ ಅಳತೆ. ಕೇಳುವುದಕ್ಕೆ ಸುಲಭ, ಎಲ್ಲವನ್ನೂ ಹನ್ನೆರಡರಿಂದ ಭಾಗಿಸಿದರಾಯಿತು. ಆದರೆ ಉದ್ದ ಹನ್ನೆರಡನೆಯ ಒಂದು ಪಾಲಾದಾಗ ವಿಸ್ತೀರ್ಣ 144ನೆಯ ಒಂದು ಪಾಲು, ಗಾತ್ರ 1728ನೆಯ ಒಂದು ಪಾಲು ಆಗುತ್ತದೆ. ನಿಜವಾದ ಮನೆಯಲ್ಲಿ ರೇಷ್ಮೆ ಪರದೆ ತನ್ನ ಭಾರದಿಂದಲೇ ನಿರಿಗೆಯಾಗಿ ಇಳಿಯುತ್ತದೆ. ಅದೇ ಬಟ್ಟೆಯ ಅಂಗೈಯಗಲದ ತುಂಡಿಗೆ ಆ ಭಾರವಿಲ್ಲ, ಅದು ರಟ್ಟಿನಂತೆ ಸೆಟೆದು ನಿಲ್ಲುತ್ತದೆ. ನಿರಿಗೆಯನ್ನು ಕೈಯಿಂದ ಹಿಡಿದು, ಒದ್ದೆಮಾಡಿ, ಒಣಗಿಸಿ ಕೂರಿಸಬೇಕು. ಮರದ ಗೆರೆಗಳು ಚಿಕ್ಕ ಕುರ್ಚಿಯ ಮೇಲೆ ವಿಕಾರವಾಗಿ ದೊಡ್ಡದಾಗಿ ಕಾಣುತ್ತವೆ. ಆದುದರಿಂದ ಓಕ್‌ನ ಕುರ್ಚಿಯನ್ನು ಓಕ್‌ನಿಂದ ಮಾಡದೆ ನುಣುಪು ಗೆರೆಯ ಬೇರೆ ಮರದಿಂದ ಮಾಡಬೇಕಾಗುತ್ತದೆ. ನೀರಂತೂ ಯಾರ ಮಾತನ್ನೂ ಕೇಳುವುದಿಲ್ಲ. ನಲ್ಲಿ ಎಷ್ಟೇ ಚಿಕ್ಕದಿದ್ದರೂ ಹನಿ ಅಷ್ಟಾಗಿ ಚಿಕ್ಕದಾಗದು. ಗೊಂಬೆಯ ಸ್ನಾನದ ಮನೆಯಲ್ಲಿ ಬೀಳುವ ಒಂದು ಹನಿ ಗೊಂಬೆಯ ಲೆಕ್ಕಕ್ಕೆ ಒಂದು ನಿಂಬೆಹಣ್ಣು. ಮಗುವೆಂದರೆ ಕುಗ್ಗಿಸಿದ ದೊಡ್ಡವರಲ್ಲ ಎಂದು ಮಕ್ಕಳ ವೈದ್ಯಶಾಸ್ತ್ರದ ಮೊದಲ ತರಗತಿಯಲ್ಲಿ ನಮಗೆ ಕಲಿಸಿದ್ದರು. ಅದರ ದೇಹ ಬೇರೆಯೇ ಲೆಕ್ಕದಲ್ಲಿ ನಡೆಯುತ್ತದೆ. ದೊಡ್ಡವರ ಔಷಧದ ಪ್ರಮಾಣವನ್ನು ಸುಮ್ಮನೆ ಭಾಗಿಸಿ ಕೊಡುವಂತಿಲ್ಲ. ಗೊಂಬೆಮನೆಗೆ ಇಳಿದ ವಿನ್ಯಾಸಕರೂ ಇದನ್ನೇ ಕಲಿಯಬೇಕಾಯಿತು.

ಕೋಟೆ ಏಳು ವರ್ಷ ಕಟ್ಟಿಸಿಕೊಂಡು ಮುಗಿಯುವಷ್ಟರಲ್ಲಿ ಮೂಕಿಚಿತ್ರಗಳೂ ಮುಗಿದಿದ್ದವು, ದೇಶವೂ ಆರ್ಥಿಕ ಕುಸಿತದಲ್ಲಿ ಸಿಲುಕಿತ್ತು. 1935ರಲ್ಲಿ ಮೂರ್ ಅದನ್ನು ಬಿಡಿಬಿಡಿಯಾಗಿ ಕಳಚಿ, ಊರಿಂದ ಊರಿಗೆ ಒಯ್ದು, ದೊಡ್ಡ ಅಂಗಡಿಗಳಲ್ಲಿ ಟಿಕೆಟ್ ಇಟ್ಟು ತೋರಿಸಲಾರಂಭಿಸಿದಳು. ನಾಲ್ಕು ವರ್ಷಗಳ ಆ ಪ್ರವಾಸದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳ ನೆರವಿಗೆಂದು ಕೂಡಿದ ಹಣ ಸುಮಾರು ಆರೂವರೆ ಲಕ್ಷ ಡಾಲರ್. ಆ ಕಾಲದ ಮಕ್ಕಳ ವಾರ್ಡಿನಲ್ಲಿ ಏನಿತ್ತೆಂಬುದನ್ನು ವೈದ್ಯರಾದ ನಾವು ಬಲ್ಲೆವು. ಪೋಲಿಯೊ ಲಸಿಕೆ ಬಂದದ್ದು 1955ರಲ್ಲಿ. ಮೂಳೆಯ ಕ್ಷಯಕ್ಕೆ ಔಷಧವಿರಲಿಲ್ಲ. ಮಗು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಪ್ಲಾಸ್ಟರಿನಲ್ಲಿ ಮಲಗಿರುತ್ತಿತ್ತು. ಎದ್ದರೆ ಕಾಲಿಗೆ ಕಬ್ಬಿಣದ ಆಧಾರ. ಈ ಖರ್ಚಿನ ಬಹುಪಾಲು ನಡೆಯುತ್ತಿದ್ದದ್ದು ದಾನದಿಂದ. ವಜ್ರದ ದೀಪಗುಚ್ಛಕ್ಕೆ ಸುರಿದದ್ದಕ್ಕಿಂತ ಹೆಚ್ಚಿನದು ಮಕ್ಕಳಿಗೆ ಹಿಂತಿರುಗಿತೆಂಬ ಲೆಕ್ಕ ನಮಗೆ ಸಮಾಧಾನ ಕೊಡುತ್ತದೆ. ಆದರೂ 1928ರಲ್ಲಿ ದಾನದ ಉದ್ದೇಶವೇನೂ ಇರಲಿಲ್ಲವೆಂಬುದನ್ನು ಮರೆಯಬಾರದು. ಅದು ಮೊದಲು ಐಶ್ವರ್ಯದ ಆಟವೇ. 1949ರಲ್ಲಿ ಕೋಟೆ ಶಿಕಾಗೋಗೆ ಬಂದು ನೆಲೆಸಿತು.

ಗ್ರೀವ್ ಸಜ್ಜುಗೊಳಿಸಿದ ದೊಡ್ಡ ಮನೆಗಳ ಗತಿಯನ್ನು ಯೋಚಿಸಿದಾಗ ನಮಗೆ ಈ ಕೋಟೆಯ ಬೆಲೆ ಬೇರೆಯಾಗಿ ಕಾಣುತ್ತದೆ. ಕಟ್ಟಡಕ್ಕೆ ನೂರಾರು ವರ್ಷ ಆಯಸ್ಸಿದೆ, ಒಳಾಂಗಣಕ್ಕಿಲ್ಲ. ಯಜಮಾನ ಬದಲಾದರೆ ಗೋಡೆಯ ಬಣ್ಣ ಹೋಗುತ್ತದೆ, ಪರದೆ ಹರಿಯುತ್ತದೆ, ಪೀಠೋಪಕರಣ ಹರಾಜಾಗುತ್ತದೆ. ಜನ ವಾಸಿಸುವುದೇ ಒಳಾಂಗಣದ ಶತ್ರು. ಯಾರೂ ವಾಸಿಸದ ಮನೆಯಲ್ಲಿ ಮಾತ್ರ ವಿನ್ಯಾಸಕನ ಕೈಕೆಲಸ ಇಟ್ಟಂತೆಯೇ ಉಳಿದಿದೆ.

ಈ ಸತ್ಯವನ್ನು ತಿಳಿದೇ ಕೆಲಸ ಮಾಡಿದವರು ನಮ್ಮ ಶಿಕಾಗೋದವರೇ ಆದ ನಾರ್ಸಿಸಾ ಥಾರ್ನ್. ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಅವರ 68 ಕೋಣೆಗಳಿವೆ. 1932ರಿಂದ 1940ರ ಅವಧಿಯಲ್ಲಿ, ವಾಸ್ತುಶಿಲ್ಪಿಗಳಿಂದ ನಕ್ಷೆ ಬರೆಸಿ, ನುರಿತ ಕುಶಲಕರ್ಮಿಗಳಿಂದ ಮಾಡಿಸಿದವು. ಯುರೋಪಿನ ಹದಿಮೂರನೆಯ ಶತಮಾನದ ಕೊನೆಯಿಂದ ಅಮೆರಿಕದ 1930ರ ದಶಕದವರೆಗಿನ ಒಳಾಂಗಣಗಳು, ಅಡಿಗೆ ಅಂಗುಲದ ಅಳತೆಯಲ್ಲಿಯೇ. ಕಿಟಕಿಯಾಚೆ ಬಣ್ಣದಲ್ಲಿ ಬರೆದ ತೋಟ. ಕಾಣದ ದೀಪದಿಂದ ಒಳಗೆ ಚೆಲ್ಲುವ ಬೆಳಗಿನ ಬಿಸಿಲು. ನವರಾತ್ರಿಯಲ್ಲಿ ನಾವು ಕೂರಿಸುವ ಬೊಂಬೆಗಳಿಗೆ ಮೆಟ್ಟಿಲಿದೆ, ಮನೆಯಿಲ್ಲ; ಥಾರ್ನ್ ಅವರಲ್ಲಿ ಮನೆಯಿದೆ, ಬೊಂಬೆಯಿಲ್ಲ. ಅದು ಜಾಣತನವೆಂದೇ ನಮ್ಮ ಎಣಿಕೆ. ಗೊಂಬೆಯೊಂದನ್ನು ನಿಲ್ಲಿಸಿದೊಡನೆ ಎಲ್ಲವೂ ಆಟಿಕೆಯಾಗಿಬಿಡುತ್ತದೆ. ತೆರೆದಿಟ್ಟ ಪುಸ್ತಕವನ್ನಷ್ಟೇ ಬಿಟ್ಟರೆ, ಓದುತ್ತಿದ್ದವರು ಈಗತಾನೆ ಎದ್ದು ಹೋದಂತಿರುತ್ತದೆ.

ಆ ಕೋಣೆಗಳಲ್ಲಿ ಚೀನಾದ ಒಂದು, ಜಪಾನಿನ ಒಂದು ಒಳಾಂಗಣವಿದೆ, ಭಾರತದ್ದು ಇಲ್ಲ. ನಮ್ಮಲ್ಲಿ ಎಷ್ಟೋ ಮಂದಿಯ ಅಜ್ಜಿಯ ಮನೆ, ಆ ತೊಟ್ಟಿ, ಜಗುಲಿಯ ಕಂಬ, ನಡುಮನೆಯ ತೂಗುಯ್ಯಾಲೆ, ಬಚ್ಚಲಿನ ತಾಮ್ರದ ಹಂಡೆ, ಈಗ ಪಾಲುಪಟ್ಟಿಯಾಗಿ, ಕೆಡವಲ್ಪಟ್ಟು, ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಹೊರಗೋಡೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಎಲ್ಲರ ಬಳಿಯೂ ಇದೆ. ಒಳಗಿನ ಸುಣ್ಣ ಯಾವ ಬಣ್ಣದ್ದಾಗಿತ್ತು, ಮೊಳೆಗೆ ಏನು ತೂಗುಹಾಕಿತ್ತು ಎಂದು ಕೇಳಿದರೆ ಅಣ್ಣ ಒಂದು ಹೇಳುತ್ತಾನೆ, ತಂಗಿ ಇನ್ನೊಂದು ಹೇಳುತ್ತಾಳೆ.

ವೃತ್ತಿಪರರು ಗೊಂಬೆಮನೆಗೆ ಕೈಹಾಕುವ ಹವ್ಯಾಸ ಆ ಪೀಳಿಗೆಯೊಂದಿಗೆ ಮುಗಿಯಲಿಲ್ಲ. 2013ರಲ್ಲಿ ಲಂಡನ್ನಿನಲ್ಲಿ, ಲುಟಿಯನ್ಸರ ಮನೆಯಿಂದ ಸ್ಫೂರ್ತಿ ಪಡೆದು, ಜಹಾ ಹದೀದ್, ಡೇವಿಡ್ ಅಜಾಯೆ ಮೊದಲಾದ 20 ವಾಸ್ತುಶಿಲ್ಪಿಗಳು ಹಾಗೂ ಸಂಸ್ಥೆಗಳು ತಲಾ ಒಂದು ಗೊಂಬೆಮನೆ ರೂಪಿಸಿಕೊಟ್ಟರು. ಅಂಗವೈಕಲ್ಯವುಳ್ಳ ಮಕ್ಕಳಿಗಾಗಿ ದುಡಿಯುವ ‘ಕಿಡ್ಸ್’ ಎಂಬ ಸಂಸ್ಥೆಯ ನೆರವಿಗೆಂದು ಅವು ಬಾನಮ್ಸ್‌ನಲ್ಲಿ ಹರಾಜಾದವು. ಎಲ್ಲರಿಗೂ ಕೊಟ್ಟ ಜಾಗ 75 ಸೆಂಟಿಮೀಟರ್ ಚದರದ ಒಂದು ಪೀಠ. ಇನ್ನೊಂದು ಷರತ್ತೂ ಇತ್ತು: ಅಂಗವೈಕಲ್ಯವುಳ್ಳ ಮಗುವೊಂದರ ಬಾಳನ್ನು ಹಗುರಗೊಳಿಸುವ ಒಂದಾದರೂ ಅಂಶ ಪ್ರತಿ ಮನೆಯಲ್ಲಿಯೂ ಇರಬೇಕು. ಗ್ರೀವ್‌ನ ಕೋಟೆ ಅಂತಹ ಮಕ್ಕಳಿಗಾಗಿ ಹಣ ಕೂಡಿಸಿತ್ತು. ಈ ಮನೆಗಳ ನಕ್ಷೆಯಲ್ಲಿ ಆ ಮಗುವಿಗೇ ಒಂದು ಜಾಗ ದೊರೆಯಿತು.