ತೊಟ್ಟಿಲೂ ತೋಟವೂ

ಕೆಲಸಕ್ಕೆ ಮರಳಲಿದ್ದ ಸೊಸೆ ಕೂಸನ್ನು ಬಿಡಲು ಎಡೆ ಹುಡುಕುತ್ತಿದ್ದಳು. "ಶಿಶುವಿಹಾರವಿದೆಯಲ್ಲಮ್ಮ" ಎಂದೆ. "ಮೂರು ತುಂಬದೆ ಸೇರಿಸಿಕೊಳ್ಳುವುದಿಲ್ಲ ಮಾವ. ಹನ್ನೆರಡಕ್ಕೇ ಬಿಟ್ಟುಬಿಡುತ್ತಾರೆ, ನಾನು ಬರುವುದು ಆರಕ್ಕೆ" ಎಂದಳು. ಎರಡೂ ಒಂದೇ ಎಂದು ನಂಬಿದ್ದ ನಾನು ನಾಚಿ, ಚರಿತ್ರೆಯನ್ನು ಕೆದಕಿದೆ.

1840ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗಿನಲ್ಲಿ ಫ್ರೋಬೆಲ್ ತನ್ನ ಶಾಲೆಯನ್ನು 'ಮಕ್ಕಳ ತೋಟ' ಎಂದು ಕರೆದನು. ಅದೇ ಕಿಂಡರ್‌ಗಾರ್ಟನ್. ಚೆಂಡು, ಮರದ ತುಂಡು, ಹಾಡುಗಳಿಂದ ಮಗುವಿನ ಮನಸ್ಸು ಅರಳಬೇಕೆಂಬುದು ಅವನ ಹಂಬಲ. ತಾಯಿ ದುಡಿಯಹೋದರೆ ಮಗುವಿನ ಗತಿಯೇನೆಂಬುದು ಅವನ ಪ್ರಶ್ನೆಯಾಗಿರಲಿಲ್ಲ.

ಆ ಪ್ರಶ್ನೆ 1844ರಲ್ಲಿ ಪ್ಯಾರಿಸಿನ ಮಾರ್ಬೋ ಎಂಬಾತನದು. ಕೂಲಿಗೆ ಹೋಗುವ ತಾಯಂದಿರ ಹಸುಗೂಸುಗಳಿಗಾಗಿ ಅವನು ತೆರೆದದ್ದು ಕ್ರೆಷ್, ಎಂದರೆ ಗೋದಲಿ. ಏಸು ಮಲಗಿದ್ದನಲ್ಲ, ಅದು. ತಾಯಿ ನಡುವೆ ಬಂದು ಮೊಲೆಯೂಡಿ ಹೋಗುತ್ತಿದ್ದಳು.

ನಮ್ಮ 1948ರ ಕಾರ್ಖಾನೆ ಕಾಯಿದೆ ವಿಧಿಸಿದ್ದೂ ಈ ತೊಟ್ಟಿಲನ್ನೇ: 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಕ್ಕಳಿಗೆ ಕೋಣೆ ಕಡ್ಡಾಯ. 1976ರಲ್ಲಿ ಅದು 30ಕ್ಕೆ ಇಳಿಯಿತು. ಗಂಡಸರಿಗೂ ಮಕ್ಕಳಿರುತ್ತವೆಂಬುದು ಮಾತ್ರ ಆ ಕಾಯಿದೆಗೆ ತೋಚಿರಲಿಲ್ಲ!

1975ರ ಅಕ್ಟೋಬರ್ 2ರಂದು ಬಂದ ಅಂಗನವಾಡಿ (ನಮ್ಮಲ್ಲಿ ಮೊದಲು ಟಿ. ನರಸೀಪುರದಲ್ಲಿ) ಊಟ, ಚುಚ್ಚುಮದ್ದು, ಆಟಪಾಠಗಳನ್ನು ಒಂದೆಡೆ ತಂದಿತು. ಆದರೂ ಹಸುಗೂಸನ್ನು ದಿನವಿಡೀ ನೋಡಿಕೊಳ್ಳುವ ಏರ್ಪಾಡು ಆ ಯೋಜನೆಯಲ್ಲಿರಲಿಲ್ಲ.

ಮೊಮ್ಮಗ ಸದ್ಯಕ್ಕೆ ನನ್ನ ಬಳಿಯೇ ಇದ್ದಾನೆ. ಚೆಂಡು ತಂದಿದ್ದೇನೆ, ಹಾಲು ಉಕ್ಕದಂತೆ ಕಾಯಿಸುವುದನ್ನು ಕಲಿಯುತ್ತಿದ್ದೇನೆ.